32ರ ಎಂಸಿಬಿ ಬೀಳುತ್ತಿತ್ತು, 63 ಹಾಕಿದೆವು, ವೈರ್ ಸುಟ್ಟಿತು

ಪ್ರಶ್ನೆ: ಸರ್, ನಾವು ಬಾಗಲಕೋಟೆಯ ಡಿಪ್ಲೊಮಾ ವಿದ್ಯಾರ್ಥಿಗಳು, ಐದು ಮಂದಿ. ಎದುರಿನ ರೋಬೋಟನ್ನು ತಳ್ಳಿ ಗೆರೆಯಾಚೆ ಹಾಕುವ ಸ್ಪರ್ಧೆಗೆ ಒಂದು ರೋಬೋ ಕಟ್ಟಿದ್ದೇವೆ. 12 ವೋಲ್ಟಿನ 18 ಎಎಚ್ ಯುಪಿಎಸ್ ಬ್ಯಾಟರಿ, ನಾಲ್ಕು ಗೇರ್ ಮೋಟಾರ್, ಮೋಟಾರಿಗೆ ಕರೆಂಟ್ ಬಿಡುವ ಬಿಟಿಎಸ್ 7960 ಡ್ರೈವರ್ ಬೋರ್ಡ್ ಮೋಟಾರಿಗೊಂದರಂತೆ ನಾಲ್ಕು, ಅವಕ್ಕೆ ಆಜ್ಞೆ ಕೊಡುವ ಪುಟ್ಟ ಕಂಪ್ಯೂಟರ್ ಬೋರ್ಡ್ ಆರ್ಡುಯಿನೊ ಒಂದು. ವೈರ್ ಎಲ್ಲಾ ಒಂದೂವರೆ ಸ್ಕ್ವೇರ್ ಎಂಎಂನದು. ಬ್ಯಾಟರಿ ಪಕ್ಕ ಮನೆ ಬೋರ್ಡಿನ 32 ಆಂಪ್ ಎಂಸಿಬಿ, ಅಂದರೆ ಕರೆಂಟ್ ಹೆಚ್ಚಾದರೆ ತಾನೇ ಬೀಳುವ ಬ್ರೇಕರ್, ಇತ್ತು. ಬೆಳಿಗ್ಗೆ ಚೆನ್ನಾಗಿ ತಳ್ಳುತ್ತದೆ, ಮಧ್ಯಾಹ್ನ ತಳ್ಳಲು ಹೋದರೆ ಎಂಸಿಬಿ ಬೀಳುತ್ತದೆ. ಬೇಸತ್ತು 63 ಹಾಕಿದೆವು. ಎಂಸಿಬಿ ಬೀಳಲಿಲ್ಲ. ಆದರೆ ಬ್ಯಾಟರಿ ವೈರ್ ಮೆತ್ತಗಾಗಿ ವಾಸನೆ ಬಂತು, ಒಂದು ಡ್ರೈವರ್ ಸುಟ್ಟಿತು. ಅಮೆರಿಕದ ಸ್ಪರ್ಧೆಗಳಲ್ಲಿ 120 ಆಂಪ್ ಬ್ರೇಕರ್ ಹಾಕುತ್ತಾರಂತೆ. ನಾವೂ ಅದನ್ನೇ ತರಿಸೋಣವೇ?

ಉತ್ತರ: ಮೊದಲು ಆ 63ರ ಎಂಸಿಬಿ ಬಿಚ್ಚಿ ಪಕ್ಕಕ್ಕಿಡಿ. 120 ಸದ್ಯಕ್ಕೆ ಬೇಡ, ಅದರ ಮಾತಿಗೆ ಆಮೇಲೆ ಬರುತ್ತೇನೆ.

ಹೊಲದ ಪಂಪ್‌ಸೆಟ್ ನೋಡಿಕೊಂಡು ಬೆಳೆದವರಿಗೆ ನಿಮ್ಮ ಕಥೆ ಹೊಸದಲ್ಲ. ಫ್ಯೂಸ್ ಪದೇ ಪದೇ ಹೋಗುತ್ತದೆ ಅಂತ ಕಿಟ್‌ಕ್ಯಾಟಿಗೆ (ಪಿಂಗಾಣಿಯ ಫ್ಯೂಸ್ ಕಟ್ಟೆಗೆ) ದಪ್ಪ ತಂತಿ ಸುತ್ತುತ್ತಾರೆ. ಆಮೇಲೆ ಫ್ಯೂಸ್ ಹೋಗುವುದಿಲ್ಲ, ಮೋಟಾರ್ ಹೋಗುತ್ತದೆ. ರಿವೈಂಡಿಂಗ್ ಅಂಗಡಿಯವರಿಗೆ ಅದೇ ಸುಗ್ಗಿ. ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ವರ್ಷಗಟ್ಟಲೆ ಮೋಟಾರ್ ಪ್ಯಾನೆಲ್ ಕಟ್ಟಿದವನು. ಇಂಥ ದಪ್ಪ ತಂತಿಗಳನ್ನು ಬೇಕಾದಷ್ಟು ಬಿಚ್ಚಿದ್ದೇನೆ. 32 ತೆಗೆದು 63 ಹಾಕಿದಾಗ ನೀವು ಮಾಡಿದ್ದೂ ಅದನ್ನೇ.

ಬ್ರೇಕರ್ ಇರುವುದು ವೈರನ್ನು ಕಾಪಾಡಲಿಕ್ಕೆ. ಮೋಟಾರನ್ನು ಕಾಪಾಡುವುದು ಅದರ ಕೆಲಸವಲ್ಲ, ಡ್ರೈವರನ್ನು ಕಾಪಾಡುವುದಂತೂ ಅಲ್ಲವೇ ಅಲ್ಲ. ಹಾಗಾಗಿ ಬ್ರೇಕರ್ ನಂಬರನ್ನು ಮೊದಲು ಹಿಡಿದು ಕೂರಬಾರದು. ಮೋಟಾರ್ ಎಷ್ಟು ಎಳೆಯುತ್ತದೆ ನೋಡಬೇಕು. ಅಷ್ಟನ್ನು ಹೊರುವ ವೈರ್ ಹಾಕಬೇಕು. ಆ ವೈರ್ ಬಿಸಿಯಾಗಿ ಹಾಳಾಗುವ ಮೊದಲೇ ಬೀಳುವ ಬ್ರೇಕರನ್ನು ಕೊನೆಗೆ ಆರಿಸಬೇಕು. ನೀವು ಕೊನೆಯದನ್ನು ಬದಲಿಸಿದಿರಿ, ನಡುವಿನದನ್ನು ಹಾಗೇ ಬಿಟ್ಟಿರಿ.

ಬೆಳಿಗ್ಗೆ ಸರಿ, ಮಧ್ಯಾಹ್ನ ಯಾಕೆ ಬೀಳುತ್ತದೆ ಅನ್ನುವುದಕ್ಕೆ ಕಾರಣ ನಿಮ್ಮ ಊರಿನ ಬಿಸಿಲು. ಎಂಸಿಬಿ ಒಳಗೆ ಎರಡು ಲೋಹ ಅಂಟಿಸಿದ ಒಂದು ಪಟ್ಟಿ ಇರುತ್ತದೆ. ಕರೆಂಟ್ ಹರಿದು ಬಿಸಿಯಾದರೆ ಅದು ಬಾಗಿ ಕೊಕ್ಕೆ ಬಿಡಿಸುತ್ತದೆ. ಮನೆ ಎಂಸಿಬಿಯ ಲೆಕ್ಕವನ್ನು ಹಿಡಿದಿರುವುದು 30 ಡಿಗ್ರಿ ವಾತಾವರಣಕ್ಕೆ. ಏಪ್ರಿಲ್ ಮಧ್ಯಾಹ್ನ ಬಾಗಲಕೋಟೆಯಲ್ಲಿ ತಗಡಿನ ಶೆಡ್ಡಿನ ಕೆಳಗೆ, ಮುಚ್ಚಿದ ರೋಬೋ ಹೊಟ್ಟೆಯೊಳಗೆ ಎಷ್ಟಿರುತ್ತದೆ ನೀವೇ ಹೇಳಿ. ಪಟ್ಟಿ ಆಗಲೇ ಸ್ವಲ್ಪ ಬಾಗಿ ಕೂತಿರುತ್ತದೆ. ಹೊರಗಿನ ಕಾವು ಸ್ವಲ್ಪ ಕೆಲಸ ಮುಗಿಸಿದ್ದರೆ ಉಳಿದದ್ದಕ್ಕೆ ಮೊದಲಿನಷ್ಟು ಕರೆಂಟ್ ಬೇಕಿಲ್ಲ. ಎಂಸಿಬಿ ಕೆಟ್ಟಿರಲಿಲ್ಲ.

ಇನ್ನೊಂದು ಮಾತು. 32 ಅಂತ ಬರೆದಿದ್ದರೆ 33ಕ್ಕೆ ಬೀಳುತ್ತದೆ ಅಂತಲ್ಲ. ಮನೆ ಎಂಸಿಬಿಗಳ ನಿಯಮದ ಪ್ರಕಾರ ಬರೆದದ್ದರ 1.13 ಪಟ್ಟು, ಅಂದರೆ 36 ಆಂಪ್ ಹರಿದರೆ ಅದು ಒಂದು ಗಂಟೆ ಬೀಳಬಾರದು. 1.45 ಪಟ್ಟು, ಅಂದರೆ 46 ಆಂಪ್ ಹರಿದರೆ ಒಂದು ಗಂಟೆಯೊಳಗೆ ಬೀಳಬೇಕು. ಒಂದು ಗಂಟೆ! ನಿಮ್ಮ ಪಂದ್ಯ ನಡೆಯುವುದೇ ಮೂರು ನಿಮಿಷ. ಚಟ್ಟಂತ ಬೀಳಬೇಕಾದರೆ ಒಳಗೆ ಪಟ್ಟಿಯ ಜೊತೆಗಿರುವ, ಆಯಸ್ಕಾಂತದ ಹಾಗೆ ಕೆಲಸ ಮಾಡುವ ತಂತಿ ಸುರುಳಿ ಎಳೆಯಬೇಕು. ಸಿ ಕರ್ವ್ ಅನ್ನುವ ಬಗೆಯ ಎಂಸಿಬಿಯಲ್ಲಿ ಅದು ಎಳೆಯುವುದು ಬರೆದದ್ದರ 5ರಿಂದ 10 ಪಟ್ಟು ಕರೆಂಟಿಗೆ. ಅದೂ ಎಸಿ ಲೆಕ್ಕ. ಡಿಸಿಗೆ ಸುಮಾರು 1.4 ಪಟ್ಟು ಇನ್ನೂ ಮೇಲೆ ಹೋಗುತ್ತದೆ.

ಈಗ ನಿಮ್ಮ ರೋಬೋದಲ್ಲಿ ಶಾರ್ಟ್ ಆಯಿತು ಅಂತಿಟ್ಟುಕೊಳ್ಳಿ. 18 ಎಎಚ್ ಬ್ಯಾಟರಿಯ ಒಳಗಿನ ರೆಸಿಸ್ಟನ್ಸ್ ಸುಮಾರು 15 ಮಿಲಿ ಓಮ್ ಅನ್ನೋಣ. ಒಂದೂವರೆ ವೈರಿನದು ಮೀಟರಿಗೆ 13.3 ಮಿಲಿ ಓಮ್. ಹೋಗಿ ಬರುವ ವೈರ್ ಒಟ್ಟು 2.4 ಮೀಟರ್ ಇದ್ದರೆ ಅದೇ 32 ಮಿಲಿ ಓಮ್. ಎಲ್ಲಾ ಕೂಡಿಸಿ 12.5 ವೋಲ್ಟನ್ನು ಭಾಗಿಸಿದರೆ ಸುಮಾರು 265 ಆಂಪ್ ಬರುತ್ತದೆ. 63ರ ಎಂಸಿಬಿಯ ಸುರುಳಿ ಎಳೆಯಲು ಕನಿಷ್ಠ 315 ಬೇಕು. ಅಂದರೆ ನೇರ ಶಾರ್ಟ್ ಆದರೂ ಸುರುಳಿ ಅಲುಗುವುದಿಲ್ಲ. ಬಿಸಿಯಾಗಿ ಬೀಳಲಿ ಅಂತ ಪಟ್ಟಿಯನ್ನೇ ಕಾಯಬೇಕು. ಅಷ್ಟು ಹೊತ್ತು ಆ ವೈರಿನ ತಾಮ್ರ ಸೆಕೆಂಡಿಗೆ ಸುಮಾರು 180 ಡಿಗ್ರಿಯಂತೆ ಕಾಯುತ್ತಿರುತ್ತದೆ. ಮಾಮೂಲು ಪಿವಿಸಿ ಇನ್ಸುಲೇಶನ್ನಿಗೆ ಒಪ್ಪಿಗೆ ಇರುವುದು 70 ಡಿಗ್ರಿವರೆಗೆ. ನಿಮ್ಮಲ್ಲಿ ಶಾರ್ಟ್ ಆಗಲಿಲ್ಲ, ಬರೀ ಮೆತ್ತಗಾಯಿತು. ಪುಣ್ಯ ಅಂದುಕೊಳ್ಳಿ.

ಶಾರ್ಟ್ ಇರದಿದ್ದರೂ ಲೆಕ್ಕ ಚೆನ್ನಾಗಿಲ್ಲ. ಅದೇ ವೈರಿನಲ್ಲಿ 63 ಆಂಪ್ ಹರಿದರೆ 2 ವೋಲ್ಟ್ ದಾರಿಯಲ್ಲೇ ಹೋಗುತ್ತದೆ, 127 ವ್ಯಾಟ್ ಕಾವಾಗುತ್ತದೆ. 25 ವ್ಯಾಟಿನ ಸೋಲ್ಡರಿಂಗ್ ಐರನ್ ಐದನ್ನು ಕಟ್ಟು ಕಟ್ಟಿ ರೋಬೋದೊಳಗೆ ಇಟ್ಟ ಹಾಗೆ. ಮೋಟಾರಿಗೆ ಸಿಗಬೇಕಾದ ಶಕ್ತಿ ಅದು. ಎದುರಾಳಿಯನ್ನು ತಳ್ಳುವ ಬದಲು ವೈರ್ ಕಾಯಿಸಲಿಕ್ಕೆ ಖರ್ಚಾಯಿತು.

ಹಾಗಾದರೆ ಮೋಟಾರ್ ಎಷ್ಟು ಎಳೆಯುತ್ತದೆ? ಪೆಟ್ಟಿಗೆ ಮೇಲಿನ ನಂಬರ್ ನಂಬಬೇಡಿ, ಅಳೆಯಿರಿ. ಇದಕ್ಕೆ ಕಾರಿನ ಹೆಡ್‌ಲೈಟ್ ಬಲ್ಬ್ ಒಂದಿದ್ದರೆ ಸಾಕು. 12 ವೋಲ್ಟಿನ 60/55 ವ್ಯಾಟ್ ಎಚ್4 ಬಲ್ಬ್, ಗ್ಯಾರೇಜಿನಲ್ಲಿ ಒಂದು ಎಳೆ ಹೋದ ಹಳೆಯದು ಕೊಟ್ಟರೂ ನಡೆಯುತ್ತದೆ. ಬ್ಯಾಟರಿ, 10 ಆಂಪ್ ತೂತಿಗೆ ಹಾಕಿದ ಮಲ್ಟಿಮೀಟರ್, ಬಲ್ಬ್, ಮೋಟಾರ್ ಎಲ್ಲವನ್ನೂ ಸಾಲಾಗಿ ಜೋಡಿಸಿ. ಮೋಟಾರಿನ ಶಾಫ್ಟನ್ನು ವೈಸಿನಲ್ಲಿ ಹಿಡಿದು ನಿಲ್ಲಿಸಿ. ಬಲ್ಬ್ ಉರಿಯುತ್ತದೆ, ಮೋಟಾರ್ ತಿರುಗುವುದಿಲ್ಲ. ಕರೆಂಟ್ ಎಷ್ಟು ಬರೆದುಕೊಳ್ಳಿ. ಇನ್ನೊಂದು ಮೀಟರಿನಿಂದ ಮೋಟಾರಿನ ಎರಡು ಕಾಲಿನ ನಡುವೆ ವೋಲ್ಟ್ ನೋಡಿ. 4.2 ಆಂಪ್ ಹರಿದು 1.2 ವೋಲ್ಟ್ ತೋರಿಸಿತು ಅನ್ನಿ. ಭಾಗಿಸಿದರೆ 0.29 ಓಮ್. 12 ವೋಲ್ಟನ್ನು ಅದರಿಂದ ಭಾಗಿಸಿ: 41 ಆಂಪ್. ಮೋಟಾರ್ ಪೂರ್ತಿ ಜಾಮ್ ಆದಾಗ ಎಳೆಯುವ ಕರೆಂಟ್ ಅದು, ಸ್ಟಾಲ್ ಕರೆಂಟ್. ಶಾಫ್ಟನ್ನು ಸ್ವಲ್ಪ ಸ್ವಲ್ಪ ತಿರುಗಿಸಿ ನಾಲ್ಕೈದು ಸಲ ಅಳೆಯಿರಿ, ಬ್ರಷ್ ಕೂತ ಜಾಗದ ಮೇಲೆ ಓಮ್ ಬದಲಾಗುತ್ತದೆ. ಎಲ್ಲಕ್ಕಿಂತ ಕಡಿಮೆ ಬಂದದ್ದನ್ನು ಹಿಡಿಯಿರಿ. ಪ್ರತಿ ಸಲ ಐದಾರು ಸೆಕೆಂಡಿಗಿಂತ ಜಾಸ್ತಿ ಬಿಡಬೇಡಿ.

ಮಲ್ಟಿಮೀಟರನ್ನೇ ಓಮ್‌ಗೆ ತಿರುಗಿಸಿ ಮೋಟಾರಿಗೆ ಹಚ್ಚಿದರೆ ಆಗಲ್ವಾ ಅಂತ ಕೇಳುತ್ತೀರಿ. ಆಗುವುದಿಲ್ಲ. ಅರ್ಧ ಓಮಿನ ಕೆಳಗೆ ಮೀಟರಿನ ವೈರ್ ರೆಸಿಸ್ಟನ್ಸೇ ಮೋಟಾರಿನದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ನಿಮ್ಮ ಮೋಟಾರ್ ಇಷ್ಟೇ ತೋರಿಸಿದರೆ ನಾಲ್ಕಕ್ಕೆ ಕಾಗದದ ಮೇಲೆ 164 ಆಂಪ್. ಗಾಬರಿಯಾಗಬೇಡಿ. ತಳ್ಳುವ ರೋಬೋದಲ್ಲಿ ಮೋಟಾರ್ ಜಾಮ್ ಆಗುವ ಮೊದಲು ಚಕ್ರ ಜಾರಬೇಕು. ಸುಮಾರು ಅರ್ಧ ಸ್ಟಾಲ್ ಕರೆಂಟಿಗೆ ಚಕ್ರ ಜಾರಿ ತಿರುಗುವ ಹಾಗೆ ಗೇರ್ ಇದ್ದರೆ ಮೋಟಾರೊಂದಕ್ಕೆ 20-22 ಆಂಪ್ ದಾಟುವುದಿಲ್ಲ. ಗೋಡೆಗೆ ತಳ್ಳಿಸಿ ನೋಡಿ. ಚಕ್ರ ಜಾರುತ್ತಿದ್ದರೆ ಒಳ್ಳೆಯದು. ಮೋಟಾರ್ ಗುಂಯ್ ಅನ್ನುತ್ತಾ ನಿಂತುಬಿಟ್ಟರೆ ಯಾವ ಬ್ರೇಕರೂ ನಿಮ್ಮನ್ನು ಉಳಿಸುವುದಿಲ್ಲ. ಗೇರ್ ಇನ್ನೂ ಇಳಿಸಬೇಕು, ಇಲ್ಲ ಚಕ್ರ ಸಣ್ಣದು ಮಾಡಬೇಕು. ಕಬ್ಬಿನ ಜೋಡಿ ಟ್ರೇಲರ್ ಎಳೆಯುವ ಟ್ರ್ಯಾಕ್ಟರನ್ನು ಯಾರೂ ಟಾಪ್ ಗೇರಿನಲ್ಲಿ ಎಬ್ಬಿಸುವುದಿಲ್ಲ ಅಲ್ವಾ?

ಈಗ ವೈರ್. ಬ್ಯಾಟರಿಯಿಂದ ಮುಖ್ಯ ಬ್ರೇಕರ್, ಅಲ್ಲಿಂದ ನಾಲ್ಕೂ ಡ್ರೈವರಿಗೆ ಕರೆಂಟ್ ಹಂಚುವ ಪಟ್ಟಿಯವರೆಗೆ 16 ಸ್ಕ್ವೇರ್ ಎಂಎಂ ಹಾಕಿ. ಮೈನಸ್ ಕಡೆಗೂ ಅಷ್ಟೇ ದಪ್ಪ, ಅದನ್ನು ಬಹಳ ಜನ ಮರೆಯುತ್ತಾರೆ. ಎಲೆಕ್ಟ್ರಿಕಲ್ ಅಂಗಡಿಗಿಂತ ವೆಲ್ಡಿಂಗ್ ಸಾಮಾನಿನ ಅಂಗಡಿಯಲ್ಲಿ ಕೇಳಿ. ವೆಲ್ಡಿಂಗ್ ಕೇಬಲ್ ಹಗ್ಗದ ಹಾಗೆ ಬಾಗುತ್ತದೆ. ಆದರೆ ಅಲ್ಯೂಮಿನಿಯಂದೂ ಮಾರುತ್ತಾರೆ. ತುದಿಯ ಎಳೆಯನ್ನು ಬ್ಲೇಡಿನಿಂದ ಕೆರೆದು ಒಳಗೂ ಕೆಂಪಗಿದೆಯೇ ನೋಡಿಯೇ ದುಡ್ಡು ಕೊಡಿ. ಹಂಚುವ ಪಟ್ಟಿಯಿಂದ ಒಂದೊಂದು ಡ್ರೈವರಿಗೆ, ಡ್ರೈವರಿನಿಂದ ಮೋಟಾರಿಗೆ 4 ಸ್ಕ್ವೇರ್ ಎಂಎಂ. ಇಕ್ಕಟ್ಟಾದರೆ ಎರಡೂವರೆ, ಅದಕ್ಕಿಂತ ಕೆಳಗೆ ಬೇಡ.

ಬ್ರೇಕರ್ ಈಗ ತಾನಾಗಿ ಗೊತ್ತಾಗುತ್ತದೆ. ಮೋಟಾರೊಂದಕ್ಕೆ 30 ಆಂಪಿನ ಕಾರ್ ಬ್ಲೇಡ್ ಫ್ಯೂಸ್, ಹಸಿರು ಬಣ್ಣದ್ದು. ಫ್ಯೂಸ್ ಹೋಲ್ಡರ್ ತೆಗೆದುಕೊಳ್ಳುವಾಗ ಅದಕ್ಕೆ ಅಂಟಿಕೊಂಡು ಬಂದ ವೈರ್ ಎಷ್ಟು ದಪ್ಪ ನೋಡಿ. ಬಹಳ ಸಲ ಅದೇ ತೆಳ್ಳಗಿರುತ್ತದೆ. ಬ್ಲೇಡ್ ಫ್ಯೂಸಿನ ಗುಣ ಎಂಸಿಬಿಗಿಂತ ಖಚಿತ: ದುಪ್ಪಟ್ಟು ಕರೆಂಟ್ ಹರಿದರೆ ಹೆಚ್ಚೆಂದರೆ 5 ಸೆಕೆಂಡಿನಲ್ಲಿ ಹೋಗುತ್ತದೆ. ಚಕ್ರ ಜಾರುವ 22ಕ್ಕೆ ಅದು ಅಲುಗುವುದಿಲ್ಲ. ಮುಖ್ಯ ಬ್ರೇಕರ್ 80 ಆಂಪ್ ಸಾಕು. ನಾಲ್ಕೂ ಮೋಟಾರ್ ತಳ್ಳುವಾಗ 88 ಆಗುತ್ತದಲ್ಲ ಅಂತೀರಾ? ಆಗಲಿ. ಬಿಸಿಯಿಂದ ಬೀಳುವ ಬ್ರೇಕರ್ 10 ಪರ್ಸೆಂಟ್ ಹೆಚ್ಚಿಗೆಗೆ ನಾಲ್ಕಾರು ಸೆಕೆಂಡಿನಲ್ಲಿ ಬೀಳುವುದಿಲ್ಲ. ನಿಮ್ಮ ಊರಿನ ಮಧ್ಯಾಹ್ನದ ಪಂದ್ಯಕ್ಕೆ 100 ಹಾಕಿದರೂ 16ರ ಕೇಬಲ್ ತಡೆಯುತ್ತದೆ. ಕಾರ್ ಆಡಿಯೊ ಅಂಗಡಿಯಲ್ಲಿ ಕೈಯಿಂದ ಒತ್ತಿ ಬೀಳಿಸುವ, ಸನ್ನೆ ಇರುವ ಡಿಸಿ ಬ್ರೇಕರ್ ಸಿಗುತ್ತದೆ. ಅಗ್ಗದ್ದು ಕೆಲವು ಒಳಗೇ ಕಾಯುತ್ತವೆ. ರೋಬೋ ತಳ್ಳುತ್ತಿರುವಾಗ ಬ್ರೇಕರಿನ ಎರಡು ಬೋಲ್ಟಿನ ನಡುವೆ ಮಿಲಿ ವೋಲ್ಟ್ ಅಳೆಯಿರಿ. 200 ದಾಟಿದರೆ ನಾನಾದರೆ ವಾಪಸ್ ಕೊಡುತ್ತೇನೆ.

ಮನೆ ಎಂಸಿಬಿಯನ್ನು ಮತ್ತೆ ಹಾಕಬಾರದಾ? 12 ವೋಲ್ಟಿಗೆ ಅದು ಕರೆಂಟ್ ಕಡಿಯುತ್ತದೆ, ಸುಳ್ಳೇಕೆ. ಆದರೆ ಎಸಿ ಕರೆಂಟ್ ಸೆಕೆಂಡಿಗೆ 100 ಸಲ ತಾನೇ ಸೊನ್ನೆಗೆ ಬರುತ್ತದೆ, ಕಿಡಿ ಅಲ್ಲೇ ಆರುತ್ತದೆ. ಡಿಸಿಯಲ್ಲಿ ಆ ಸಹಾಯವಿಲ್ಲ. ನಾಳೆ ಬ್ಯಾಟರಿಗೆ ಬ್ಯಾಟರಿ ಕೂಡಿಸಿ ವೋಲ್ಟ್ ಏರಿಸಿದಷ್ಟೂ ಕಿಡಿ ಆರುವುದು ಕಷ್ಟ.

ಆ 120ರ ಕಥೆ ಈಗ ಹೇಳಬಹುದು. ಅಮೆರಿಕದ ಫಸ್ಟ್ ರೊಬೊಟಿಕ್ಸ್ ಕಾಂಪಿಟಿಷನ್ನಿನಲ್ಲಿ 12 ವೋಲ್ಟಿನ 18 ಎಎಚ್ ಬ್ಯಾಟರಿಯನ್ನೇ ಬಳಸುತ್ತಾರೆ, ನಿಮ್ಮದೇ ಅಳತೆ. ಮುಖ್ಯ ಬ್ರೇಕರ್ 120. ಆದರೆ ಅದರ ಹಿಂದೆ 6 ಗೇಜ್ ವೈರ್ ಇರಲೇಬೇಕು. ನಮ್ಮ ಲೆಕ್ಕದಲ್ಲಿ 13.3 ಸ್ಕ್ವೇರ್ ಎಂಎಂ; ಗೇಜ್ ನಂಬರ್ ಹೆಚ್ಚಾದಷ್ಟೂ ವೈರ್ ತೆಳ್ಳಗೆ. ಅಲ್ಲಿಂದ ಮುಂದೆ ಪ್ರತಿ ಮೋಟಾರಿಗೂ ಬೇರೆ ಬ್ರೇಕರ್: 40 ಆಂಪಿಗೆ 12 ಗೇಜ್, 30ಕ್ಕೆ 14, 20ಕ್ಕೆ 18 ಗೇಜ್, ಇದಕ್ಕಿಂತ ತೆಳ್ಳಗೆ ಹೋಗುವಂತಿಲ್ಲ. ವೈರ್ ಮತ್ತು ಬ್ರೇಕರನ್ನು ನಿಯಮದಲ್ಲೇ ಗಂಟು ಹಾಕಿದ್ದಾರೆ ನೋಡಿ. ಅಲ್ಲಿ ಬಹಳ ವರ್ಷ ನಡೆದ ಸಿಮ್ ಅನ್ನುವ ಮೋಟಾರಿನ ಸ್ಟಾಲ್ ಕರೆಂಟ್ 131 ಆಂಪ್. ಅದಕ್ಕೆ ಹಾಕುವುದು 40ರ ಬ್ರೇಕರ್. ಆದರೂ ಓಡುತ್ತದೆ, ಯಾಕೆಂದರೆ ಹೊರಡುವಾಗ ಅರೆ ಗಳಿಗೆ ಎಳೆಯುವ ಕರೆಂಟಿಗೆ ಪಟ್ಟಿ ಬಿಸಿಯಾಗುವಷ್ಟರಲ್ಲಿ ಮೋಟಾರ್ ವೇಗ ಹಿಡಿದು ಕರೆಂಟ್ ಇಳಿದಿರುತ್ತದೆ. 120 ಅನ್ನುವುದು ಕೆಳಗಿನ 40ಗಳ ಮೊತ್ತವೂ ಅಲ್ಲ. ನಾಲ್ಕು ಹಾಕಿದರೇ 160 ಆಗುತ್ತದೆ. ಎಲ್ಲವೂ ಒಟ್ಟಿಗೆ ಬಹಳ ಹೊತ್ತು ಎಳೆಯುವುದಿಲ್ಲ, ಅಷ್ಟೇ. ನೀವು 120 ತಂದು ಅದೇ ಒಂದೂವರೆ ವೈರಿಗೆ ಕಟ್ಟಿದ್ದರೆ ಅದು ಸುಮ್ನೆ ಒಂದು ಸ್ವಿಚ್ ಆಗಿರುತ್ತಿತ್ತು.

ಮುಖ್ಯ ಬ್ರೇಕರ್ ಬ್ಯಾಟರಿಗೆ ಅಂಟಿದ ಹಾಗೇ ಇರಲಿ, ಒಂದು ಗೇಣಿಗಿಂತ ದೂರ ಬೇಡ. ಬ್ಯಾಟರಿಗೂ ಬ್ರೇಕರಿಗೂ ನಡುವಿನ ವೈರಿಗೆ ಕಾವಲೇ ಇಲ್ಲ. ಉದ್ಯಮಬಾಗದ ಹೊಸತರಲ್ಲಿ ನಾನೇ ಬ್ಯಾಟರಿ ಬೋಲ್ಟ್ ಬಿಗಿ ಮಾಡುವಾಗ ಸ್ಪ್ಯಾನರಿನ ಇನ್ನೊಂದು ತುದಿ ಚೌಕಟ್ಟಿಗೆ ತಾಗಿಸಿದ್ದೆ. ಚಟ್ಟಂತ ಶಬ್ದವಾಯಿತು, ಸ್ಪ್ಯಾನರ್ ಅಲ್ಲೇ ವೆಲ್ಡ್ ಆಗಿ ಕೂತಿತು. ಒದ್ದು ಬಿಡಿಸಿದೆ. ಆ ತೂತು ಬಿದ್ದ ಸ್ಪ್ಯಾನರ್ ಇನ್ನೂ ನನ್ನ ಡಬ್ಬಿಯಲ್ಲಿದೆ. ಮೈನಸ್ಸನ್ನು ಕೊನೆಗೆ ಹಾಕಿ, ಮೊದಲು ಬಿಚ್ಚಿ. ಉಂಗುರ, ಕಡಗ ತೆಗೆದಿಡಿ.

ಇನ್ನು ಡ್ರೈವರ್. ಬಿಟಿಎಸ್ 7960 ಮಾಡ್ಯೂಲನ್ನು 43 ಆಂಪ್ ಅಂತ ಮಾರುತ್ತಾರೆ. ಆ 43 ಅನ್ನುವುದು ಚಿಪ್ ಸಾಕಪ್ಪಾ ಅಂತ ತಾನೇ ಕರೆಂಟ್ ಕಡಿಮೆ ಮಾಡುವ ಹಂತ. ಹೊತ್ತುಗಟ್ಟಲೆ ಹೊರುವ ಭಾರವಲ್ಲ. ಕರೆಂಟ್ ಹಾದುಹೋಗುವ ದಾರಿಯ ರೆಸಿಸ್ಟನ್ಸ್ ಸುಮಾರು 16 ಮಿಲಿ ಓಮ್. 22 ಆಂಪಿಗೆ 8 ವ್ಯಾಟಿನ ಹತ್ತಿರ ಕಾವು, 41ಕ್ಕೆ 27 ವ್ಯಾಟ್. ಬೆನ್ನಿಗಿರುವ ಆ ಪುಟ್ಟ ಅಲ್ಯೂಮಿನಿಯಂ ತುಂಡು 27 ವ್ಯಾಟ್ ತಡೆಯುವುದಿಲ್ಲ. ಚಕ್ರ ಜಾರುವಂತೆ ಗೇರ್ ಮಾಡಿ, ಒಂದು ಕಂಪ್ಯೂಟರ್ ಫ್ಯಾನ್ ಊದುವ ಹಾಗೆ ಇಡಿ.

ಸುಟ್ಟ ಮಾಡ್ಯೂಲನ್ನು ಬಿಸಾಡಿದ್ದೀರಾ? ಇಲ್ಲದಿದ್ದರೆ ಕೈಗೆತ್ತಿಕೊಂಡು ನೋಡಿ. ಹಸಿರು ಸ್ಕ್ರೂ ಟರ್ಮಿನಲ್ ಕಂದು ಬಣ್ಣಕ್ಕೆ ತಿರುಗಿದ್ದರೆ ವೈರ್ ಸಡಿಲ ಇತ್ತು. ವೈರ್ ತುದಿಗೆ ಸೋಲ್ಡರ್ ಹಾಕಿ ಸ್ಕ್ರೂ ಬಿಗಿದಿದ್ದೀರಾ? ಅದು ನೋಡಲಿಕ್ಕೆ ಚೆಂದ, ಆದರೆ ಸೋಲ್ಡರ್ ಮೆತ್ತಗಿನ ಲೋಹ. ಸ್ಕ್ರೂ ಕೆಳಗೆ ದಿನ ಕಳೆದಂತೆ ಹಿಸುಕಿಕೊಂಡು ಸಡಿಲಾಗುತ್ತದೆ. ಎಳೆಗಳಿಗೆ ಥಿಂಬಲ್, ಅಂದರೆ ಲೋಹದ ಪುಟ್ಟ ಟೊಪ್ಪಿಗೆ, ಕ್ರಿಂಪ್ ಮಾಡಿ (ಇಕ್ಕಳದಿಂದ ಒತ್ತಿ) ಹಾಕಿ. ಕ್ರಿಂಪ್ ಮಾಡಿದ ಮೇಲೆ ಒಂದು ಸಲ ಜೋರಾಗಿ ಜಗ್ಗಿ ನೋಡಿ. ಕೈಗೆ ಬಂದರೆ ಈಗಲೇ ಬರಲಿ.

ಚಿಪ್ಪೇ ಸೀಳಿದ್ದರೆ ಎರಡು ಅನುಮಾನ. ಒಂದು, ಪ್ಲಸ್ ಮೈನಸ್ ಅದಲುಬದಲು. ಬ್ಯಾಟರಿ ಕಡೆ ತಿರುವು ಮುರುವು ಕೊಟ್ಟರೆ ಚಿಪ್ ಒಳಗಿನ ಡಯೋಡುಗಳೇ ಬ್ಯಾಟರಿಯನ್ನು ಶಾರ್ಟ್ ಮಾಡುತ್ತವೆ, ಆರ್ಡುಯಿನೊ ಏನೂ ಹೇಳಬೇಕಿಲ್ಲ. ಮೋಟಾರ್ ಕಡೆ ತಿರುವಿದರೆ ಮೋಟಾರ್ ಉಲ್ಟಾ ತಿರುಗುತ್ತದೆ, ಅಷ್ಟೇ. ಬ್ಯಾಟರಿಯನ್ನು ಮೋಟಾರ್ ತೂತಿಗೆ ಹಾಕಿದರೆ ಲೈಟೂ ಹತ್ತುತ್ತದೆ, ಸರಿ ಇದೆ ಅನ್ನಿಸುತ್ತದೆ, ಮೊದಲ ಆಜ್ಞೆ ಕೊಟ್ಟ ಕೂಡಲೇ ಹೊಗೆ. ಎರಡು, ಉದ್ದನೆಯ ಬ್ಯಾಟರಿ ವೈರ್. ಡ್ರೈವರ್ ಸೆಕೆಂಡಿಗೆ ಸಾವಿರಾರು ಸಲ ಕರೆಂಟ್ ಕಡಿದು ಜೋಡಿಸುತ್ತಿರುತ್ತದೆ. ವೈರ್ ಉದ್ದವಾದಷ್ಟೂ ಕಡಿದಾಗ ವೋಲ್ಟ್ ಮೇಲೆ ಹಾರುತ್ತದೆ. ಆ ಚಿಪ್ ಕೆಲಸ ಮಾಡುವ ಮಿತಿಯೇ 27 ವೋಲ್ಟಿನ ಆಸುಪಾಸು. ಉದ್ದ ಬೇಕೇ ಬೇಕಾದರೆ ಮೋಟಾರ್ ಕಡೆ ಎಳೆದುಕೊಳ್ಳಿ, ಬ್ಯಾಟರಿ ಕಡೆ ಗಿಡ್ಡ ಇರಲಿ, ಪ್ಲಸ್ ಮೈನಸ್ ಎರಡನ್ನೂ ಹೆಣೆದು ಒಯ್ಯಿರಿ.

ಪ್ರೋಗ್ರಾಮಿನಲ್ಲಿ ಒಂದು ಸಣ್ಣ ಬದಲಾವಣೆ ಮಾಡಿ. ಪೂರ್ತಿ ವೇಗದಲ್ಲಿ ಮುಂದೆ ಹೋಗುತ್ತಿದ್ದ ಮೋಟಾರಿಗೆ ಥಟ್ಟನೆ ಹಿಂದೆ ಅಂದರೆ ಅದು ಸ್ಟಾಲ್ ಕರೆಂಟಿನ ಹೆಚ್ಚು ಕಡಿಮೆ ದುಪ್ಪಟ್ಟು ಎಳೆಯಲು ನೋಡುತ್ತದೆ. ಬ್ಯಾಟರಿಯ ವೋಲ್ಟಿಗೆ ತಿರುಗುತ್ತಿರುವ ಮೋಟಾರಿನದ್ದೂ ಸೇರಿಕೊಳ್ಳುತ್ತದಲ್ಲ. ವೇಗವನ್ನು ಕಾಲು ಸೆಕೆಂಡಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬದಲಿಸಿ. ಓಡಿಸುವವನಿಗೆ ಗೊತ್ತೂ ಆಗುವುದಿಲ್ಲ.

ಗ್ರೌಂಡ್, ಅಂದರೆ ಮೈನಸ್ ವೈರಿನ ವಿಷಯ ನೀವು ಕೇಳಿಲ್ಲ, ಆದರೆ ಹೇಳಿಯೇ ಬಿಡುತ್ತೇನೆ. ಒಂದು ತಂಡದ ಆರ್ಡುಯಿನೊ ಮೂರು ಸಲ ಸತ್ತಿತ್ತು. ಪ್ರೋಗ್ರಾಂ ನೋಡಿದರು, ಬೋರ್ಡ್ ನಕಲಿ ಅಂದರು. ನಾನು ಹೋಗಿ ಡ್ರೈವರಿನ ಮೈನಸ್ ವೈರ್ ಮುಟ್ಟಿದರೆ ಲಗ್ (ವೈರ್ ತುದಿಯ ಲೋಹದ ಕಿವಿ) ಬೋಲ್ಟಿನ ಸುತ್ತ ಬುಗುರಿಯ ಹಾಗೆ ತಿರುಗಿತು. ದಪ್ಪ ವೈರಿನ ದಾರಿ ಮುಚ್ಚಿದಾಗ 20 ಆಂಪ್ ಕೂದಲೆಳೆಯಂಥ ಸಿಗ್ನಲ್ ಗ್ರೌಂಡಿನಿಂದ ಆರ್ಡುಯಿನೊ ಮೈಮೇಲೆ ಹಾದು ಬ್ಯಾಟರಿಗೆ ಹೋಗುತ್ತಿತ್ತು. ಬಾಯಲ್ಲಿ ನೈಲಾನ್ ಇರುವ ಲಾಕ್ ನಟ್ ಹಾಕಿದೆವು, ನಾಲ್ಕನೆಯ ಬೋರ್ಡ್ ಬದುಕಿತು. ಎಲ್ಲಾ ಡ್ರೈವರಿನ ಮೈನಸ್ ವೈರುಗಳೂ ಒಂದೇ ಜಾಗಕ್ಕೆ ಬಂದು ಸೇರಲಿ, ಒಂದರಿಂದ ಇನ್ನೊಂದಕ್ಕೆ ಸರಪಳಿ ಮಾಡಬೇಡಿ.

ಸ್ಪರ್ಧೆಯ ನಿಯಮದ ಹಾಳೆ ಮೊದಲು ಓದಿ. ಕೆಲವು ಕಡೆ ಹೊರಗಿನಿಂದ ಕೈಗೆ ಸಿಗುವ ಕೆಂಪು ಸ್ವಿಚ್ ಕೇಳುತ್ತಾರೆ, ಬ್ರೇಕರ್ ಇದ್ದರೂ ಅದು ಬೇರೆ ಬೇಕು. ಕ್ಲ್ಯಾಂಪ್ ಮೀಟರ್ ಯಾರಿಂದಾದರೂ ತಂದರೆ ಡಿಸಿ ಅಳೆಯುತ್ತದೆಯೇ ಕೇಳಿ, ಪ್ಯಾನೆಲ್ ಕೆಲಸದವರ ಹತ್ತಿರ ಇರುವುದು ಬಹುಪಾಲು ಎಸಿಯದ್ದೇ.

ಎಲ್ಲಾ ಕಟ್ಟಿದ ಮೇಲೆ ರೋಬೋವನ್ನು ಮಧ್ಯಾಹ್ನ ಎರಡು ಗಂಟೆಗೇ ಗೋಡೆಗೆ ತಳ್ಳಿಸಿ, ಬೆಳಿಗ್ಗೆ ಬೇಡ. ಐದು ಸೆಕೆಂಡ್ ತಳ್ಳಿ, ಐದು ಸೆಕೆಂಡ್ ಬಿಟ್ಟು, ಹೀಗೆ ಮೂರು ನಿಮಿಷ. ಬ್ರೇಕರ್ ಬೀಳಿಸಿ, ಮೈನಸ್ ಬಿಚ್ಚಿ, ಆಮೇಲೆ ಒಂದೊಂದು ಲಗ್ಗಿಗೂ ಬೆರಳಿಟ್ಟು ನೋಡಿ. ಬೆರಳು ನಿಲ್ಲದ ಲಗ್ಗನ್ನು ಕತ್ತರಿಸಿ ಹೊಸದು ಹಾಕಿ. ಸ್ಪರ್ಧೆಗೆ ಹೊರಡುವಾಗ ಹಸಿರು ಫ್ಯೂಸ್ ಹತ್ತು ಜೇಬಿನಲ್ಲಿರಲಿ. ಹಳದಿ 20ರವು ಬೇಡ, ಗಡಿಬಿಡಿಯಲ್ಲಿ ಯಾರಾದರೂ ಹಾಕಿಬಿಡುತ್ತಾರೆ. ಕಿತ್ತಳೆ 40ರವನ್ನಂತೂ ಮನೆಯಲ್ಲೇ ಬಿಟ್ಟು ಬನ್ನಿ.